ಮೂರು ಅಖಾಡಗಳ ಬ್ರಾಕ್ ಲೆಸ್ನರ್

2010ರ ಅಕ್ಟೋಬರ್ 23ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಕೇನ್ ವೆಲಾಸ್ಕೆಜ್ ಎಂಬ ಹೋರಾಟಗಾರ ಬ್ರಾಕ್ ಲೆಸ್ನರ್‌ನನ್ನು ನಾಲ್ಕು ನಿಮಿಷ ಹನ್ನೆರಡು ಸೆಕೆಂಡುಗಳಲ್ಲಿ ಸೋಲಿಸಿದ. ಗುದ್ದು ತಿಂದ ಲೆಸ್ನರ್ ಬುಗುರಿಯಂತೆ ಸುತ್ತಿ ತೂರಾಡಿದ, ಕೆನ್ನೆ ಸೀಳಿ ನೆತ್ತರು ಹರಿಯಿತು, ಹೊಡೆದಾಟದ ಸ್ಪರ್ಧೆಗಳನ್ನು ನಡೆಸುವ ಯುಎಫ್‌ಸಿ ಸಂಸ್ಥೆಯ ಹೆವಿವೇಟ್ ಪಟ್ಟ ಕೈತಪ್ಪಿತು. ಒಂಬತ್ತು ವರ್ಷಗಳ ನಂತರ, 2019ರ ಅಕ್ಟೋಬರ್ 31ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಈ ಸಲ ಎರಡು ನಿಮಿಷ ತುಂಬುವ ಮೊದಲೇ ಲೆಸ್ನರ್ ವೆಲಾಸ್ಕೆಜ್‌ನ ತೋಳನ್ನು ಹಿಂದಕ್ಕೆ ತಿರುಚಿ ಶರಣಾಗಿಸಿದ, ಪ್ರೊ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇಯ ಪಟ್ಟ ಉಳಿಸಿಕೊಂಡ. ಅನಾಹೈಮ್‌ನಲ್ಲಿ ಯಾರು ಗೆಲ್ಲುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ರಿಯಾದ್‌ನಲ್ಲಿ ಇಬ್ಬರಿಗೂ ಮೊದಲೇ ಗೊತ್ತಿತ್ತು.

ನಮ್ಮಲ್ಲಿ ಬಹಳ ಜನರಿಗೆ ಲೆಸ್ನರ್ ಪರಿಚಯವಾದದ್ದು ಟೆನ್ ಸ್ಪೋರ್ಟ್ಸ್ ವಾಹಿನಿಯಿಂದ, ಇಲ್ಲವೇ ಎತ್ತರ, ತೂಕ, ತೋಳಿನ ಸುತ್ತಳತೆ ಅಚ್ಚಾಗಿರುತ್ತಿದ್ದ ಟ್ರಂಪ್ ಕಾರ್ಡುಗಳಿಂದ. ಟಿವಿ ಮುಂದೆ ಕುಳಿತ ಮಕ್ಕಳಿಗೆ ಮನೆಯ ಹಿರಿಯರು ಹೇಳುತ್ತಿದ್ದುದು ಒಂದೇ ಮಾತು: ಅದೆಲ್ಲ ಬರೀ ನಾಟಕ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಏನೆಂದು ತಿಳಿಯಲು ಲೆಸ್ನರ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಏಕೆಂದರೆ ಅವನು ಮೊದಲು ನಿಜವಾದ ಕುಸ್ತಿ ಆಡಿದ, ಆಮೇಲೆ ನಾಟಕದ ಕುಸ್ತಿಗೆ ಹೋದ, ಅಲ್ಲಿಂದ ಹೊರಟು ನಿಜವಾದ ಹೊಡೆದಾಟಕ್ಕೆ ಇಳಿದ, ಮತ್ತೆ ನಾಟಕಕ್ಕೆ ಮರಳಿದ. ಎಲ್ಲ ಕಡೆಯೂ ಅಗ್ರಪಟ್ಟ ಗೆದ್ದ.

ಮೊದಲು ನಾಟಕದ ವಿಷಯವನ್ನೇ ಮುಗಿಸೋಣ. ಅದು ನಾಟಕವೆಂದು ಡಬ್ಲ್ಯುಡಬ್ಲ್ಯುಇಯ (ಆಗಿನ ಹೆಸರು ಡಬ್ಲ್ಯುಡಬ್ಲ್ಯುಎಫ್) ಆಡಳಿತ ಮಂಡಳಿಯೇ 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಒಪ್ಪಿಕೊಂಡಿತು. ಅದು ಪ್ರಾಮಾಣಿಕತೆ ಉಕ್ಕಿ ಬಂದು ಮಾಡಿದ ತಪ್ಪೊಪ್ಪಿಗೆಯೇನಲ್ಲ, ವ್ಯಾಪಾರಿ ಲೆಕ್ಕಾಚಾರ. ಕ್ರೀಡೆ ಎಂದರೆ ಸರ್ಕಾರಿ ಕ್ರೀಡಾ ಆಯೋಗದ ಪರವಾನಗಿ, ತಪಾಸಣೆ, ತೆರಿಗೆ ಎಲ್ಲವೂ ಬೆನ್ನಿಗೆ ಬೀಳುತ್ತಿದ್ದವು. ಮನರಂಜನೆ ಎಂದರೆ ಆ ತಂಟೆಯಿಲ್ಲ. ಹಾಗಾಗಿ ಯಾರು ಗೆಲ್ಲಬೇಕು, ಯಾವ ಪಟ್ಟಿನಿಂದ ಗೆಲ್ಲಬೇಕು, ಪಟ್ಟ ಯಾರ ಸೊಂಟದಲ್ಲಿ ಎಷ್ಟು ದಿನ ಇರಬೇಕು ಎಂಬುದನ್ನು ಕಥೆ ಹೆಣೆಯುವವರು ಕುಳಿತು ತೀರ್ಮಾನಿಸುತ್ತಾರೆ ಎಂಬುದು ಇಂದು ಗುಟ್ಟೇನಲ್ಲ. ಗದಾಯುದ್ಧದಲ್ಲಿ ಕೌರವ ಬಿದ್ದೇ ಬೀಳುತ್ತಾನೆಂದು ತಿಳಿದಿದ್ದೂ ಜನ ಬೆಳಗಿನವರೆಗೆ ಯಕ್ಷಗಾನದ ಮುಂದೆ ಕೂರುತ್ತಾರಲ್ಲ, ಅದೇ ಬಗೆಯ ಒಪ್ಪಂದ ಇಲ್ಲಿ ಪ್ರೇಕ್ಷಕನಿಗೂ ರಿಂಗಿಗೂ ನಡುವೆ ಇದೆ.

ಆದರೆ ಆ ರಿಂಗಿನ ನೆಲ ಮೆತ್ತನೆಯ ಹಾಸಿಗೆಯಲ್ಲ. ಉಕ್ಕಿನ ತೊಲೆಗಳ ಮೇಲೆ ಮರದ ಹಲಗೆ, ಅದರ ಮೇಲೆ ತೆಳುವಾದ ಫೋಮ್, ಮೇಲೊಂದು ಕ್ಯಾನ್ವಾಸ್. ನೂರಿಪ್ಪತ್ತು ಕಿಲೋ ತೂಕದವನನ್ನು ಅದರ ಮೇಲೆ ಎತ್ತಿ ಒಗೆದರೆ ಬೆನ್ನಿಗೆ ಬೀಳುವ ಪೆಟ್ಟು ಅಸಲಿಯೇ. ಬೀಳುವವನು ಗದ್ದವನ್ನು ಎದೆಗೆ ಒತ್ತಿಕೊಂಡು, ಇಡೀ ಬೆನ್ನು ಒಮ್ಮೆಲೇ ನೆಲಕ್ಕೆ ತಾಗುವಂತೆ ಬಿದ್ದು, ಏಟನ್ನು ಹಂಚಿಕೊಳ್ಳುತ್ತಾನೆ. ಎಸೆಯುವವನ ಕೆಲಸ ಎದುರಾಳಿಯ ಕುತ್ತಿಗೆ ಉಳಿಸುವುದು. ಲೆಸ್ನರ್‌ನ ಹೆಸರಾಂತ 'ಎಫ್-5' ಪಟ್ಟನ್ನೇ ನೋಡಿ: ಎದುರಾಳಿಯನ್ನು ಹೆಗಲ ಮೇಲೆ ಅಡ್ಡಲಾಗಿ ಹೊತ್ತು, ಗಿರಕಿ ಹೊಡೆಸಿ ಮುಖ ಕೆಳಗಾಗಿ ಬೀಳಿಸುವುದು. ಹೆಗಲೇರಲು ಎದುರಾಳಿ ಮೈ ಸಡಿಲಿಸಿ ಸಹಕರಿಸದಿದ್ದರೆ ಇಂಥದ್ದು ನಡೆಯುವ ಮಾತೇ ಅಲ್ಲ. ಆಗದ ನೋವನ್ನು ಆದಂತೆ ತೋರಿಸುವುದು, ಆದ ನೋವನ್ನು ನುಂಗಿಕೊಂಡು ಕಥೆ ಮುಂದುವರಿಸುವುದು ಇವರ ವಿದ್ಯೆ.

ಮಿಶ್ರ ಸಮರ ಕಲೆ, ಅಂದರೆ ಎಂಎಂಎ, ಇದರ ತಿರುವುಮುರುವು. ಅಲ್ಲಿ ಎದುರಾಳಿಯನ್ನು ಕೆಡವಬಹುದು, ಬಿದ್ದವನ ಮೇಲೆ ಕುಳಿತು ಗುದ್ದಬಹುದು, ಕತ್ತು ಒತ್ತಬಹುದು, ಕೀಲು ಮುರಿಯುವಷ್ಟು ತಿರುಚಬಹುದು. ಐದೈದು ನಿಮಿಷದ ಸುತ್ತುಗಳು, ಸಾಮಾನ್ಯ ಸ್ಪರ್ಧೆಗೆ ಮೂರು, ಪಟ್ಟದ ಸ್ಪರ್ಧೆಗೆ ಐದು. ಹೆವಿವೇಟ್ ಮಿತಿ 265 ಪೌಂಡು, ಸುಮಾರು 120 ಕಿಲೋ. ಲೆಸ್ನರ್ ಸಹಜವಾಗಿ ಅದಕ್ಕಿಂತ ಭಾರ. ಪ್ರತಿ ಸ್ಪರ್ಧೆಗೂ ಮೊದಲು ತೂಕ ಇಳಿಸಿಕೊಳ್ಳಬೇಕಿದ್ದ ಅಪರೂಪದ ಹೆವಿವೇಟ್ ಅವನು.

ಈ ಎರಡಕ್ಕೂ ಅವನನ್ನು ಸಿದ್ಧಪಡಿಸಿದ್ದು ಮೂರನೆಯ ಅಖಾಡ, ಕಾಲೇಜು ಕುಸ್ತಿ. ಸೌತ್ ಡಕೋಟಾದ ವೆಬ್‌ಸ್ಟರ್ ಎಂಬ ಸಣ್ಣ ಊರಿನ ಹೈನುಗಾರಿಕೆಯ ಕುಟುಂಬದಲ್ಲಿ 1977ರ ಜುಲೈ 12ರಂದು ಹುಟ್ಟಿದ ಲೆಸ್ನರ್, ಬಿಸ್ಮಾರ್ಕ್‌ನ ಕಾಲೇಜಿನಲ್ಲಿ ಗೆದ್ದು, ಅಲ್ಲಿಂದ ಮಿನ್ನೆಸೋಟಾ ವಿಶ್ವವಿದ್ಯಾಲಯಕ್ಕೆ ಬಂದ. ಅಮೆರಿಕದ ಕಾಲೇಜು ಕುಸ್ತಿಗೆ ನಮ್ಮ ಗರಡಿಯ ಕುಸ್ತಿಗಿಂತ ಬೇರೆಯದೇ ಚಾಳಿ ಇದೆ. ನಾಡಕುಸ್ತಿಯಲ್ಲಿ ಚಿತ್ ಮಾಡಿದರೆ ಆಟ ಮುಗಿಯಿತು. ಅಲ್ಲಿಯೂ ಚಿತ್ ಇದೆ, ಆದರೆ ಕೆಡವಿದ್ದಕ್ಕೆ ಅಂಕ, ಕೆಳಗಿನಿಂದ ತಪ್ಪಿಸಿಕೊಂಡಿದ್ದಕ್ಕೆ ಅಂಕ, ಎದುರಾಳಿಯನ್ನು ಎದ್ದೇಳದಂತೆ ಹೆಚ್ಚು ಹೊತ್ತು ಅದುಮಿಟ್ಟದ್ದಕ್ಕೂ ಅಂಕ. ಈ ಅದುಮಿಡುವ ವಿದ್ಯೆ ನೋಡಲು ಬೇಸರ ತರಿಸುತ್ತದೆ. ಗುದ್ದಾಟಕ್ಕೆ ಅನುಮತಿ ಸಿಕ್ಕ ದಿನ ಅದೇ ಬ್ರಹ್ಮಾಸ್ತ್ರವಾಗುತ್ತದೆ.

1999ರ ರಾಷ್ಟ್ರೀಯ ಫೈನಲ್‌ನಲ್ಲಿ ಅವನು ಸ್ಟೀಫನ್ ನೀಲ್‌ಗೆ ಸೋತ. 2000ದಲ್ಲಿ ಅಯೋವಾದ ವೆಸ್ ಹ್ಯಾಂಡ್‌ನನ್ನು ಹೆಚ್ಚುವರಿ ಸಮಯದಲ್ಲಿ ಒಂದೇ ಒಂದು ಅಂಕದಿಂದ ಸೋಲಿಸಿ ದೇಶದ ಕಾಲೇಜು ಹೆವಿವೇಟ್ ಚಾಂಪಿಯನ್ ಆದ. ಕಾಲೇಜು ದಿನಗಳ ಲೆಕ್ಕ: 106 ಗೆಲುವು, 5 ಸೋಲು. ಆದರೆ ಚಾಂಪಿಯನ್ ಆದಮೇಲೆ ಮುಂದೇನು? ಹವ್ಯಾಸಿ ಕುಸ್ತಿಯಲ್ಲಿ ಹಣವಿರಲಿಲ್ಲ, ಎಂಎಂಎ ಆಗ ಅಮೆರಿಕದಲ್ಲಿ ಕಷ್ಟಪಟ್ಟು ಉಸಿರಾಡುತ್ತಿತ್ತು. ಡಬ್ಲ್ಯುಡಬ್ಲ್ಯುಎಫ್ ಒಪ್ಪಂದಪತ್ರ ಹಿಡಿದು ಬಂತು. ಕೆಂಟಕಿಯ ಲೂಯಿವಿಲ್‌ನಲ್ಲಿದ್ದ ತರಬೇತಿ ಕೇಂದ್ರದಲ್ಲಿ ಅವನ ಜೊತೆಗಿದ್ದವರು ಜಾನ್ ಸೀನಾ, ರ‍್ಯಾಂಡಿ ಆರ್ಟನ್, ಬಟಿಸ್ಟಾ. ಒಂದೇ ತರಗತಿಯಲ್ಲಿ ಇಷ್ಟು ಜನ ಹೆಸರು ಮಾಡಿದ್ದು ಆ ಉದ್ಯಮದಲ್ಲೇ ಅಪರೂಪ.

2002ರ ಮಾರ್ಚ್‌ನಲ್ಲಿ ಟಿವಿಯಲ್ಲಿ ಕಾಣಿಸಿಕೊಂಡವನು ಅದೇ ಆಗಸ್ಟ್‌ನಲ್ಲಿ ದಿ ರಾಕ್‌ನನ್ನು 'ಸೋಲಿಸಿ' ಇಪ್ಪತ್ತೈದರ ಹರೆಯದಲ್ಲಿ ಪಟ್ಟ ಪಡೆದ. ಮಾತು ಅವನಿಗೆ ಒಲಿದಿರಲಿಲ್ಲ. ಆ ಕೊರತೆ ತುಂಬಲು ಪಾಲ್ ಹೇಮನ್ ಎಂಬ ವಾಚಾಳಿಯನ್ನು ಪಕ್ಕದಲ್ಲಿ ನಿಲ್ಲಿಸಿದರು. ಲೆಸ್ನರ್ ನಿಂತಲ್ಲೇ ಕುಪ್ಪಳಿಸುತ್ತ ದುರುಗುಟ್ಟಿ ನೋಡುವುದು, ಹೇಮನ್ ಅರಚುವುದು: ಈ ಜೋಡಿ ಬಹುಕಾಲ ಸವೆಯಲಿಲ್ಲ.

ನಾಟಕದಲ್ಲೂ ಕುತ್ತಿಗೆ ಮುರಿಯಬಹುದು ಎಂಬುದಕ್ಕೆ 2003ರ ಮಾರ್ಚ್ 30 ಸಾಕ್ಷಿ. ಸಿಯಾಟಲ್‌ನ ಬೇಸ್‌ಬಾಲ್ ಮೈದಾನದಲ್ಲಿ ಡಬ್ಲ್ಯುಡಬ್ಲ್ಯುಇಯ ವಾರ್ಷಿಕ ದೊಡ್ಡ ಕೂಟ ರೆಸಲ್‌ಮೇನಿಯಾದ ಕೊನೆಯ ಸ್ಪರ್ಧೆ. ಎದುರಿಗೆ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಕುಸ್ತಿ ಚಿನ್ನ ಗೆದ್ದಿದ್ದ ಕರ್ಟ್ ಆ್ಯಂಗಲ್, ಆಗಲೇ ಕುತ್ತಿಗೆ ನೋವಿನಿಂದ ಒದ್ದಾಡುತ್ತಿದ್ದವನು. ಮೇಲಿನ ಹಗ್ಗದಿಂದ ಮುಂದಕ್ಕೆ ಜಿಗಿದು, ಗಾಳಿಯಲ್ಲಿ ಹಿಮ್ಮುಖವಾಗಿ ಲಾಗ ಹಾಕಿ ಎದುರಾಳಿಯ ಮೇಲೆ ಬೀಳುವ ಪಟ್ಟೊಂದನ್ನು ಲೆಸ್ನರ್ ಅಂದು ಮಾಡಬೇಕಿತ್ತು. ಸಣ್ಣ ಮೈಕಟ್ಟಿನವರ ಕಸರತ್ತು ಅದು. ಆ್ಯಂಗಲ್ ಮೂಲೆಯಿಂದ ದೂರ ಬಿದ್ದಿದ್ದ. ಲೆಸ್ನರ್ ಜಿಗಿದ, ಸುತ್ತು ಪೂರ್ತಿಯಾಗಲಿಲ್ಲ, ಹಣೆ ಮೊದಲಾಗಿ ನೆಲಕ್ಕೆ ಬಡಿದ, ತಲೆಯ ಕೆಳಗೆ ಕುತ್ತಿಗೆ ಮಡಚಿಕೊಂಡಿತು. ಮಿದುಳಿಗೆ ಪೆಟ್ಟಾಗಿತ್ತು. ಆದರೂ ಎದ್ದು, ಮಂಜುಗಣ್ಣಿನಲ್ಲೇ ಆ್ಯಂಗಲ್‌ನನ್ನು ಹೆಗಲಿಗೇರಿಸಿ, ಬರೆದಿಟ್ಟಿದ್ದ ಗೆಲುವನ್ನು ಪಡೆದ. ಆ ದೃಶ್ಯವನ್ನು ಇಂದು ನಿಧಾನಗತಿಯಲ್ಲಿ ನೋಡಿದರೂ ಹೊಟ್ಟೆ ಹಿಂಡುತ್ತದೆ.

ವರ್ಷವಿಡೀ ಊರೂರು ಸುತ್ತುವ ಬದುಕು ಅವನಿಗೆ ಬೇಗನೆ ಸಾಕಾಯಿತು. 2004ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಗೋಲ್ಡ್‌ಬರ್ಗ್ ವಿರುದ್ಧ ಕೊನೆಯ ಸ್ಪರ್ಧೆ. ಇಬ್ಬರೂ ಕಂಪನಿ ಬಿಡುತ್ತಿದ್ದಾರೆಂಬ ಸುದ್ದಿ ಪ್ರೇಕ್ಷಕರಿಗೆ ತಲುಪಿಬಿಟ್ಟಿತ್ತು. ಜನ ಇಬ್ಬರಿಗೂ ಛೀಮಾರಿ ಹಾಕಿದರು. ಆಮೇಲೆ ಅಮೆರಿಕನ್ ಫುಟ್‌ಬಾಲ್‌ನ ಮಿನ್ನೆಸೋಟಾ ವೈಕಿಂಗ್ಸ್ ತಂಡದ ಶಿಬಿರ. ಪ್ರೌಢಶಾಲೆಯ ನಂತರ ಆ ಆಟವನ್ನೇ ಮುಟ್ಟದಿದ್ದವನು, ಸಾಲದ್ದಕ್ಕೆ ಮೋಟಾರ್ ಸೈಕಲ್ ಅಪಘಾತದಿಂದ ಆಗಷ್ಟೇ ಚೇತರಿಸಿಕೊಂಡವನು, ಕೊನೆಯ ಪಟ್ಟಿಯವರೆಗೂ ಬಂದು ಹೊರಬಿದ್ದ. ಜಪಾನಿಗೆ ಹೋಗಿ 2005ರಲ್ಲಿ ಟೋಕಿಯೋ ಡೋಮ್‌ನಲ್ಲಿ ಅಲ್ಲಿನ ಪ್ರತಿಷ್ಠಿತ ಐಡಬ್ಲ್ಯುಜಿಪಿ ಪಟ್ಟವನ್ನೂ ಪಡೆದ. ಬೇರೆ ಕಡೆ ಕುಸ್ತಿ ಆಡದಂತೆ ಕಟ್ಟಿಹಾಕಿದ್ದ ಹಳೆಯ ಕರಾರಿನ ಮೇಲೆ ಡಬ್ಲ್ಯುಡಬ್ಲ್ಯುಇ ಜೊತೆ ನ್ಯಾಯಾಲಯದಲ್ಲಿ ಗುದ್ದಾಡಿ, ಕೊನೆಗೆ ರಾಜಿಯಾದ.

ಜಪಾನ್ ಒಂದು ರೀತಿಯಲ್ಲಿ ಸರಿಯಾದ ಹೊಸ್ತಿಲೇ ಆಗಿತ್ತು. ಅಲ್ಲಿ ನಾಟಕದ ಕುಸ್ತಿಗೂ ನಿಜದ ಹೊಡೆದಾಟಕ್ಕೂ ನಡುವಿನ ಗೆರೆ ಎಂದೂ ಗಾಢವಾಗಿರಲಿಲ್ಲ. 1976ರಲ್ಲೇ ಅಂಟೋನಿಯೊ ಇನೋಕಿ ಎಂಬ ಪ್ರೊ ಕುಸ್ತಿಪಟು ಟೋಕಿಯೋದಲ್ಲಿ ಮಹಮದ್ ಅಲಿಯನ್ನು ಎದುರಿಸಿ, ಹದಿನೈದು ಸುತ್ತಿನ ಬಹುಪಾಲು ನೆಲಕ್ಕೆ ಒರಗಿಕೊಂಡೇ ಅವನ ಕಾಲಿಗೆ ಒದ್ದಿದ್ದ.

ಮೂವತ್ತು ತುಂಬಲು ತಿಂಗಳೊಂದು ಬಾಕಿಯಿರುವಾಗ, 2007ರ ಜೂನ್ 2ರಂದು, ಲಾಸ್ ಏಂಜಲೀಸ್‌ನಲ್ಲಿ ಲೆಸ್ನರ್ ಮೊದಲ ಎಂಎಂಎ ಸ್ಪರ್ಧೆ ಆಡಿದ. ಎದುರಾಳಿ ಜೂಡೋದಲ್ಲಿ ಒಲಿಂಪಿಕ್ ಬೆಳ್ಳಿ ಗೆದ್ದಿದ್ದ ಕೊರಿಯಾದ ಕಿಮ್ ಮಿನ್-ಸೂ. ಅರವತ್ತೊಂಬತ್ತು ಸೆಕೆಂಡು ಸಾಕಾಯಿತು. ಯುಎಫ್‌ಸಿ ತಡಮಾಡಲಿಲ್ಲ. ಅಭಿಮಾನಿಗಳಲ್ಲಿ ಅನೇಕರು ಮೂಗು ಮುರಿದರು: ನಾಟಕದವನಿಗೆ ಇಲ್ಲಿ ಏನು ಕೆಲಸ?

2008ರ ಫೆಬ್ರುವರಿ 2ರ ಲಾಸ್ ವೇಗಸ್ ಸ್ಪರ್ಧೆಯನ್ನು ನಿಧಾನವಾಗಿ ನೋಡಬೇಕು, ಲೆಸ್ನರ್‌ನ ಬಲ ಮತ್ತು ದೌರ್ಬಲ್ಯ ಎರಡೂ ತೊಂಬತ್ತು ಸೆಕೆಂಡುಗಳಲ್ಲಿ ಅಲ್ಲಿವೆ. ಎದುರಾಳಿ ಮಾಜಿ ಚಾಂಪಿಯನ್ ಫ್ರ್ಯಾಂಕ್ ಮಿರ್. ಗಂಟೆ ಬಾರಿಸಿದ ಕೂಡಲೇ ಲೆಸ್ನರ್ ಮಿರ್‌ನನ್ನು ಕೆಡವಿ ಮೇಲೆ ಕುಳಿತು ಗುದ್ದತೊಡಗಿದ. ಒಂದು ಗುದ್ದು ತಲೆಯ ಹಿಂಬದಿಗೆ ಬಿತ್ತು. ಅದು ನಿಷಿದ್ಧ. ರೆಫರಿ ತಡೆದು, ಅಂಕ ಕಡಿದು, ಇಬ್ಬರನ್ನೂ ನಿಲ್ಲಿಸಿದ. ಮತ್ತೆ ಮಿರ್ ನೆಲಕ್ಕೆ ಬಿದ್ದ, ಮತ್ತೆ ಲೆಸ್ನರ್ ಮುನ್ನುಗ್ಗಿದ. ಹಾಗೆ ನುಗ್ಗುವಾಗ ಅವನ ಒಂದು ಕಾಲು ಮಿರ್‌ನ ಕೈಗೆ ಎಟುಕಿತು. ಮಿರ್ ಆ ಕಾಲನ್ನು ತಬ್ಬಿಕೊಂಡು, ಸೊಂಟವನ್ನು ಮೀಟುಗೋಲಿನಂತೆ ಒತ್ತಿ ಮಂಡಿಯನ್ನು ಹಿಮ್ಮುಖವಾಗಿ ಬಾಗಿಸತೊಡಗಿದ. ಲೆಸ್ನರ್ ಕೈತಟ್ಟಿ ಶರಣಾದ.

ಕಾಲೇಜು ಕುಸ್ತಿಯಲ್ಲಿ ಎದುರಾಳಿಯ ಕಾಲು ಹಿಡಿಯುವುದು ಅವನನ್ನು ಕೆಡವಲಿಕ್ಕೆ. ಮಂಡಿ ತಿರುಚಿ ಶರಣಾಗಿಸುವ ಪಟ್ಟು ಆ ನಿಯಮಾವಳಿಯಲ್ಲೇ ಇಲ್ಲ. ಹದಿನೈದು ವರ್ಷ ಕುಸ್ತಿ ಮಾಡಿದ ದೇಹಕ್ಕೆ ಕಾಲನ್ನು ಎಲ್ಲಿಡಬಾರದೆಂಬ ಆ ಒಂದು ಭಯ ಮಾತ್ರ ಅಭ್ಯಾಸವಾಗಿರಲಿಲ್ಲ. ಇಂಥ ತಪ್ಪುಗಳನ್ನು ತಿದ್ದಬಹುದು, ಅವನು ತಿದ್ದಿಕೊಂಡ. ಅದೇ ಆಗಸ್ಟ್‌ನಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ ಹೀತ್ ಹೆರಿಂಗ್‌ನನ್ನು ಮೊದಲ ಗುದ್ದಿಗೇ ಉರುಳಿಸಿ, ಮೂರು ಸುತ್ತೂ ಮೇಲೇಳಲು ಬಿಡದೆ ಅದುಮಿಟ್ಟ. ನವೆಂಬರ್ 15ರಂದು ನಲವತ್ತೈದರ ರ‍್ಯಾಂಡಿ ಕೂಟೂರ್‌ನನ್ನು ಎರಡನೇ ಸುತ್ತಿನಲ್ಲಿ ಸೋಲಿಸಿ ಚಾಂಪಿಯನ್ ಆದ. ಅದು ಅವನ ನಾಲ್ಕನೆಯ ಎಂಎಂಎ ಸ್ಪರ್ಧೆ. ಎರಡು ಗೆಲುವು, ಒಂದು ಸೋಲಿನವನಿಗೆ ಪಟ್ಟದ ಅವಕಾಶ ಕೊಟ್ಟದ್ದು ಟಿಕೆಟ್ ಮಾರಾಟದ ದೃಷ್ಟಿಯಿಂದಲೇ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅವಕಾಶ ಕೊಡಿಸುವುದಷ್ಟೇ ಹಣದ ಕೈಯಲ್ಲಿತ್ತು.

2009ರ ಜುಲೈ 11ರಂದು ನಡೆದ ಯುಎಫ್‌ಸಿ 100ನೇ ಕೂಟದಲ್ಲಿ ಮಿರ್‌ಗೆ ಬಡ್ಡಿ ಸಮೇತ ತೀರಿಸಿದ. ಈ ಸಲ ಕಾಲು ಸಿಗದಂತೆ ಮೈಮೇಲೆ ಒರಗಿ, ಮಿರ್‌ನ ತಲೆಯನ್ನು ಅಖಾಡ ಸುತ್ತಿದ ಬೇಲಿಯ ಬಳಿ ಒತ್ತಿಹಿಡಿದು, ಹತ್ತಿರದಿಂದಲೇ ಗುದ್ದುಗಳನ್ನು ಇಳಿಸಿದ. ಗೆದ್ದ ಮೇಲೆ ಪ್ರೇಕ್ಷಕರಿಗೆ ಮಧ್ಯದ ಬೆರಳು ತೋರಿಸಿ, ಕೂಟದ ಪ್ರಾಯೋಜಕರಾದ ಬಿಯರ್ ಕಂಪನಿಯನ್ನೇ ಮೈಕಿನಲ್ಲಿ ಮೂದಲಿಸಿದ. ಆಮೇಲೆ ಪತ್ರಿಕಾಗೋಷ್ಠಿಯಲ್ಲಿ ಕ್ಷಮೆ ಕೇಳಿದ. ಎಂಎಂಎ ಪತ್ರಕರ್ತರು ಸಿಟ್ಟಾದರು. ರೆಸ್ಲಿಂಗ್ ನೋಡಿ ಬೆಳೆದವರಿಗೆ ಮಾತ್ರ ಅದು ಪರಿಚಿತ ಖಳನಾಯಕನ ಪ್ರವೇಶ. ಜನರ ದ್ವೇಷವೂ ಟಿಕೆಟ್ ಮಾರುತ್ತದೆ ಎಂಬ ಪಾಠವನ್ನು ಅವನು ಬೇರೆ ಶಾಲೆಯಲ್ಲಿ ಕಲಿತು ಬಂದಿದ್ದ.

ಅದೇ ವರ್ಷದ ಕೊನೆಯಲ್ಲಿ ಅವನನ್ನು ಮಲಗಿಸಿದ್ದು ಯಾವ ಗುದ್ದೂ ಅಲ್ಲ. ದೊಡ್ಡ ಕರುಳಿನ ಗೋಡೆಯಲ್ಲಿ ಸಣ್ಣ ಚೀಲಗಳು ಉಬ್ಬಿ, ಅವು ಸೋಂಕಿಗೆ ತುತ್ತಾಗುವ ಕಾಯಿಲೆ ಡೈವರ್ಟಿಕ್ಯುಲೈಟಿಸ್. ಚೀಲ ತೂತಾದರೆ ಹೊಟ್ಟೆಯೊಳಗೆ ಮಲ ಸೋರಿ ಜೀವಕ್ಕೇ ಅಪಾಯ. ಲೆಸ್ನರ್‌ಗೆ ಹೀಗೇ ಆಗಿತ್ತು. ತರಕಾರಿಯತ್ತ ತಿರುಗಿಯೂ ನೋಡದೆ ಮಾಂಸ ತಿನ್ನುತ್ತಿದ್ದ ತನ್ನ ಊಟದ ರೂಢಿಯನ್ನು ಅವನೇ ದೂರಿದ. ಮೈ ಹದಿನೆಂಟು ಕಿಲೋದಷ್ಟು ಇಳಿಯಿತು. 2011ರಲ್ಲಿ ಕಾಯಿಲೆ ಮರುಕಳಿಸಿದಾಗ ಒಂದಡಿ ಉದ್ದದ ಕರುಳನ್ನೇ ಕತ್ತರಿಸಿ ತೆಗೆಯಬೇಕಾಯಿತು.

ಈ ಎರಡು ಆಸ್ಪತ್ರೆವಾಸಗಳ ನಡುವೆ, 2010ರ ಜುಲೈ 3ರಂದು, ಶೇನ್ ಕಾರ್ವಿನ್ ಎದುರಿನ ಸ್ಪರ್ಧೆ ನಡೆಯಿತು. ನನ್ನ ಮಟ್ಟಿಗೆ ಲೆಸ್ನರ್ ಆಡಿದ್ದರಲ್ಲೆಲ್ಲ ಶ್ರೇಷ್ಠ ಅದೇ. ಕಾರ್ವಿನ್ ಅಲ್ಲಿಯವರೆಗಿನ ಹನ್ನೆರಡು ಸ್ಪರ್ಧೆಗಳನ್ನೂ ಮೊದಲ ಸುತ್ತಿನಲ್ಲೇ ಮುಗಿಸಿದ್ದವನು. ಇಲ್ಲೂ ಲೆಸ್ನರ್‌ನನ್ನು ಬೀಳಿಸಿ, ಮೇಲಿನಿಂದ ನಿಮಿಷಗಟ್ಟಲೆ ಗುದ್ದಿದ. ಲೆಸ್ನರ್ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು, ರೆಫರಿ ಸ್ಪರ್ಧೆ ನಿಲ್ಲಿಸದಿರಲು ಎಷ್ಟು ಬೇಕೋ ಅಷ್ಟೇ ಅಲುಗಾಡುತ್ತ ಗಂಟೆ ಬಾರಿಸುವವರೆಗೆ ಉಳಿದುಕೊಂಡ. ಎರಡನೇ ಸುತ್ತಿಗೆ ಬರುವಾಗ ಅವನ ಮುಖದಲ್ಲಿ ನಗು, ಕಾರ್ವಿನ್‌ನ ತೋಳುಗಳಲ್ಲಿ ಸೀಸ. ಲೆಸ್ನರ್ ಕೆಡವಿದ, ಎದುರಾಳಿಯ ಕತ್ತನ್ನು ಅವನದೇ ತೋಳಿನೊಂದಿಗೆ ಸೇರಿಸಿ ಬಿಗಿದ, ಕಾರ್ವಿನ್ ಶರಣಾದ. ಪೆಟ್ಟು ತಿನ್ನಲು ಗೊತ್ತಿಲ್ಲದವನು ಎಂಬ ಆರೋಪಕ್ಕೆ ಅದು ಒಂದು ರಾತ್ರಿಯ ಉತ್ತರ.

ಒಂದು ರಾತ್ರಿಯದು ಮಾತ್ರ, ಏಕೆಂದರೆ ಆರೋಪ ಪೂರ್ತಿ ಸುಳ್ಳಾಗಿರಲಿಲ್ಲ. ಮುಖಕ್ಕೆ ಗುದ್ದು ಬರುವಾಗ ಕಣ್ಣು ಮುಚ್ಚದಿರುವುದು, ತಲೆಯನ್ನು ಇಷ್ಟೇ ಇಷ್ಟು ಪಕ್ಕಕ್ಕೆ ಸರಿಸುವುದು, ಹಿಂದೆಗೆಯದೆ ತಿರುಗೇಟು ಕೊಡುವುದು ಹರೆಯದಲ್ಲೇ ಮೈಗೂಡಬೇಕಾದ ಸಂಗತಿಗಳು. ಆ ವಯಸ್ಸಿನಲ್ಲಿ ಅವನು ಮ್ಯಾಟಿನ ಮೇಲಿದ್ದ. ನಂತರದ ವರ್ಷಗಳಲ್ಲಿ ನಾಟಕದ ರಿಂಗ್ ಕಲಿಸಿದ್ದು ತದ್ವಿರುದ್ಧ ಪಾಠ: ಏಟು ಬಂದಾಗ ಇಡೀ ಮೈ ಚೆಲ್ಲಿ ಬೀಳು. ಹಾಗಾಗಿ ತಾನೇ ಮುನ್ನುಗ್ಗುವವರೆಗೆ ಅವನು ಭಯಂಕರ, ಎದುರಾಳಿ ಮುನ್ನುಗ್ಗಿದರೆ ಬೇರೆಯೇ ಮನುಷ್ಯ. ವೆಲಾಸ್ಕೆಜ್ ಇದನ್ನು ಬಯಲು ಮಾಡಿದ. ಅವನೂ ಅರಿಜೋನಾದ ಕಾಲೇಜು ಕುಸ್ತಿಯಿಂದ ಬಂದವನು, ಕೆಡವಿದರೂ ಚಿಮ್ಮಿ ಎದ್ದ. ಬ್ರಹ್ಮಾಸ್ತ್ರ ಹುಸಿಹೋದ ಮೇಲೆ ಬತ್ತಳಿಕೆಯಲ್ಲಿ ಏನೂ ಇರಲಿಲ್ಲ. 2011ರ ಡಿಸೆಂಬರ್ 30ರಂದು ಅಲಿಸ್ಟೇರ್ ಓವರೀಮ್ ಹೊಟ್ಟೆಯ ಬಲಬದಿಗೆ, ಯಕೃತ್ತಿಗೆ, ಒದೆ ಇಟ್ಟಾಗ ಲೆಸ್ನರ್ ಮಡಚಿಕೊಂಡು ಕುಸಿದ. ಅಲ್ಲೇ ನಿವೃತ್ತಿ ಘೋಷಿಸಿದ.

ಪ್ರೊ ರೆಸ್ಲಿಂಗ್‌ನ ಖ್ಯಾತಿಯೊಂದೇ ಎಂಎಂಎಯಲ್ಲಿ ದಡ ಮುಟ್ಟಿಸುವುದಿಲ್ಲ. ಹವ್ಯಾಸಿ ಕುಸ್ತಿಯ ತಳಪಾಯವಿಲ್ಲದ ಪ್ರೊ ರೆಸ್ಲಿಂಗ್ ತಾರೆ ಸಿಎಂ ಪಂಕ್ 2016ರಲ್ಲಿ ಯುಎಫ್‌ಸಿಗೆ ಬಂದು ಎರಡೂಕಾಲು ನಿಮಿಷದೊಳಗೆ ಸೋತ. ಲೆಸ್ನರ್ ಗೆದ್ದದ್ದು ಮಿನ್ನೆಸೋಟಾದ ಕುಸ್ತಿಯಿಂದ. ರೆಸ್ಲಿಂಗ್ ಅವನಿಗೆ ಕೊಟ್ಟದ್ದು ಹೆಸರು, ಪ್ರೇಕ್ಷಕರು, ಒರಟುತನದ ಮಾರಾಟಕಲೆ.

ಹಿಂದಿರುಗಿ ಬಂದಾಗ ಈ ವ್ಯಾಪಾರ ತಲೆಕೆಳಗಾಯಿತು. 2012ರ ಏಪ್ರಿಲ್‌ನಲ್ಲಿ ಡಬ್ಲ್ಯುಡಬ್ಲ್ಯುಇಗೆ ಮರಳಿದ ಲೆಸ್ನರ್ ಬೆರಳು ಕಾಣುವ ಎಂಎಂಎ ಕೈಗವಸು ತೊಟ್ಟು, ತೋಳು ತಿರುಚುವ ಕಿಮುರಾ ಪಟ್ಟನ್ನು ಹೊತ್ತು ತಂದ. ಉಳಿದವರು ಪಾತ್ರಧಾರಿಗಳು, ಇವನು ಮಾತ್ರ ಅಸಲಿ ಎಂಬ ಭಾವನೆ ಪ್ರೇಕ್ಷಕರಲ್ಲಿ ಮೂಡಿತು. ವರ್ಷಕ್ಕೆ ಕೆಲವೇ ಸ್ಪರ್ಧೆಗಳ ಕರಾರು, ಮೊದಲ ಸಲ ಓಡಿಹೋಗುವಂತೆ ಮಾಡಿದ್ದ ಅಲೆದಾಟವಿಲ್ಲ. 2014ರ ಏಪ್ರಿಲ್ 6ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ರೆಸಲ್‌ಮೇನಿಯಾದಲ್ಲಿ ಇಪ್ಪತ್ತೊಂದು ಬಾರಿ ಸೋಲದಿದ್ದ ಅಂಡರ್‌ಟೇಕರ್‌ನನ್ನು ಇವನೇ ಸೋಲಿಸಬೇಕೆಂದು ಕಥೆ ಬರೆಯಲಾಯಿತು. ಬಾಯಿ ತೆರೆದು ಸ್ತಬ್ಧರಾಗಿದ್ದ ಪ್ರೇಕ್ಷಕರ ಚಿತ್ರಗಳು ಇಂದಿಗೂ ಓಡಾಡುತ್ತಿವೆ. ಅದೇ ಆಗಸ್ಟ್‌ನಲ್ಲಿ ಸೀನಾನನ್ನು ಸೊಂಟ ಹಿಡಿದು ಹಿಂದಕ್ಕೆ ಹದಿನಾರು ಸಲ ಎತ್ತಿ ಒಗೆದ. ಆ ಜರ್ಮನ್ ಸುಪ್ಲೆಕ್ಸ್ ನಿಜವಾದ ಕುಸ್ತಿಯ ಪಟ್ಟೇ.

2016ರ ಯುಎಫ್‌ಸಿ 200ನೇ ಕೂಟಕ್ಕೆ ಡಬ್ಲ್ಯುಡಬ್ಲ್ಯುಇ ಅವನಿಗೆ ವಿಶೇಷ ಅನುಮತಿ ಕೊಟ್ಟಿತು. ನಿವೃತ್ತಿಯಿಂದ ಮರಳುವವರು ನಾಲ್ಕು ತಿಂಗಳು ಉದ್ದೀಪನ ಮದ್ದಿನ ಪರೀಕ್ಷೆಗೆ ಒಳಪಡಬೇಕೆಂಬ ನಿಯಮದಿಂದ ಯುಎಫ್‌ಸಿಯೂ ವಿನಾಯಿತಿ ಕೊಟ್ಟಿತು. ಮಾರ್ಕ್ ಹಂಟ್ ವಿರುದ್ಧ ಲೆಸ್ನರ್ ಅಂಕಗಳಿಂದ ಗೆದ್ದ. ಸ್ಪರ್ಧೆಗೆ ಮೊದಲು, ಜೂನ್ 28ರಂದು, ಕೊಟ್ಟಿದ್ದ ಮಾದರಿಯ ಫಲಿತಾಂಶ ಹೊರಬಂದದ್ದು ಸ್ಪರ್ಧೆ ಮುಗಿದ ಮೇಲೆ: ಕ್ಲೋಮಿಫೀನ್ ಪತ್ತೆಯಾಗಿತ್ತು. ಸ್ಪರ್ಧೆಯ ದಿನದ ಮಾದರಿಯಲ್ಲೂ ಅದೇ. ಇದು ಹೆಂಗಸರಿಗೆ ಬಂಜೆತನದ ಚಿಕಿತ್ಸೆಯಲ್ಲಿ ಕೊಡುವ ಔಷಧ. ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಉತ್ಪತ್ತಿಯನ್ನು ಏರಿಸುವುದರಿಂದ, ಸ್ಟಿರಾಯ್ಡ್ ಬಳಸಿ ನಿಲ್ಲಿಸಿದವರೂ ಇದರ ಮೊರೆ ಹೋಗುತ್ತಾರೆ. ಒಂದು ವರ್ಷದ ನಿಷೇಧ, ಎರಡೂವರೆ ಲಕ್ಷ ಡಾಲರ್ ದಂಡ, ಗೆಲುವು ರದ್ದು. ಅಂದಿನ ಸಂಭಾವನೆಯೇ ಇಪ್ಪತ್ತೈದು ಲಕ್ಷ ಡಾಲರ್ ಆಗಿದ್ದರಿಂದ ದಂಡ ನೋವು ಕೊಟ್ಟಿರಲಾರದು. ಹಂಟ್ ನ್ಯಾಯಾಲಯದ ಮೆಟ್ಟಿಲೇರಿದ. ಅತ್ತ ಡಬ್ಲ್ಯುಡಬ್ಲ್ಯುಇ, ಅರೆಕಾಲಿಕರಿಗೆ ತಮ್ಮ ಮದ್ದಿನ ನೀತಿ ಅನ್ವಯಿಸುವುದಿಲ್ಲವೆಂದು ಕೈತೊಳೆದುಕೊಂಡಿತು. ಮುಂದಿನ ತಿಂಗಳೇ ಅವನು ಅಲ್ಲಿ ರ‍್ಯಾಂಡಿ ಆರ್ಟನ್‌ನ ತಲೆಗೆ ಮೊಣಕೈಯಿಂದ ಬಡಿದು ನಿಜವಾದ ನೆತ್ತರು ಹರಿಸಿದ.

ಎಂಎಂಎ ದಾಖಲೆಯಲ್ಲಿ ಈಗ ಉಳಿದಿರುವುದು ಐದು ಗೆಲುವು, ಮೂರು ಸೋಲು, ಫಲಿತಾಂಶವಿಲ್ಲದ್ದು ಒಂದು. ಸಾರ್ವಕಾಲಿಕ ಶ್ರೇಷ್ಠರ ಸಾಲಿಗೆ ಇಷ್ಟು ಸಾಲದು. ಒಂಬತ್ತೇ ಸ್ಪರ್ಧೆಗಳಲ್ಲಿ ಮೂವತ್ತರ ಹೊಸ್ತಿಲಲ್ಲಿ ಕಲಿತ ವಿದ್ಯೆಯಿಂದ ಪಟ್ಟವೇರಿ, ಎರಡು ಬಾರಿ ಉಳಿಸಿಕೊಂಡವನನ್ನು ನಾಟಕದವನೆಂದು ತಳ್ಳಿಹಾಕುವುದೂ ಸಲ್ಲದು. 2016ರ ಕಳಂಕ ಮಾತ್ರ ಹೋಗುವುದಿಲ್ಲ, ಅದರ ಹಿಂದಿನ ವರ್ಷಗಳ ಮೇಲೂ ಅನುಮಾನದ ನೆರಳು ಬೀಳುತ್ತದೆ.

2018ರಲ್ಲಿ ಹೊಸ ಚಾಂಪಿಯನ್ ಡೇನಿಯಲ್ ಕಾರ್ಮಿಯೆಯನ್ನು ಬೇಲಿಯೊಳಗೇ ನೂಕಿ ಮತ್ತೊಂದು ಸ್ಪರ್ಧೆಯ ಆಸೆ ಹುಟ್ಟಿಸಿದ್ದ. ಮರುವರ್ಷ ಯುಎಫ್‌ಸಿ ಮುಖ್ಯಸ್ಥ ಡೇನಾ ವೈಟ್, ಲೆಸ್ನರ್ ಎಂಎಂಎಯಿಂದ ನಿವೃತ್ತನಾಗಿದ್ದಾನೆಂದು ಹೇಳಿ ಆ ಮಾತು ಮುಗಿಸಿದ. 2023ರ ಸೆಪ್ಟೆಂಬರ್‌ನಲ್ಲಿ ಯುಎಫ್‌ಸಿ ಮತ್ತು ಡಬ್ಲ್ಯುಡಬ್ಲ್ಯುಇ ಎರಡೂ ಟಿಕೆಒ ಎಂಬ ಒಂದೇ ಕಂಪನಿಯಾದವು. ಹಿಂದೆ ಅನುಮತಿ ಕೇಳಿಕೊಂಡು ದಾಟಬೇಕಿದ್ದ ಗಡಿ ಹೀಗೆ ಇಲ್ಲವಾಯಿತು. ಅಷ್ಟರಲ್ಲಿ ದಾಟುವ ವಯಸ್ಸೂ ಮುಗಿದಿತ್ತು. ಎರಡು ವರ್ಷ ಕಣ್ಮರೆಯಾಗಿದ್ದ ಲೆಸ್ನರ್ 2025ರ ಆಗಸ್ಟ್‌ನಲ್ಲಿ, ನಲವತ್ತೆಂಟರಲ್ಲಿ, ನ್ಯೂಜೆರ್ಸಿಯ ಸಮ್ಮರ್‌ಸ್ಲ್ಯಾಮ್‌ನಲ್ಲಿ ಮರಳಿ ಬಂದು, ಲೂಯಿವಿಲ್‌ನ ಹಳೆಯ ಸಹಪಾಠಿ ಸೀನಾನನ್ನೇ ಹೆಗಲಿಗೇರಿಸಿ ಒಗೆದ.